ಫ್ರೋಜನ್ ಪಿಂಕಿ, 25ರ ಪ್ಯಾಕೆಟ್: ಒಂದು ಸ್ಟಾರ್ ಕೊಡಲು ಕೂತಿದ್ದೆ

ಮೊದಲೇ ಹೇಳಿಬಿಡುತ್ತೇನೆ, ಹಾವಿನ ಊಟಕ್ಕೆಂದು ಮಾರುವ, ಹೆಪ್ಪುಗಟ್ಟಿಸಿದ ಇಲಿಮರಿಗಳ ಈ ಪ್ಯಾಕೆಟ್‌ಗೆ ನಾನು ಒಂದೇ ಸ್ಟಾರ್ ಕೊಡಲು ಕೂತಿದ್ದೆ. "ಹಾವು ಮೂಸಿಯೂ ನೋಡಲಿಲ್ಲ, ದುಡ್ಡು ದಂಡ" ಅಂತ ಟೈಪ್ ಮಾಡಿಯೂ ಆಗಿತ್ತು. ಅಷ್ಟರಲ್ಲಿ ಮಗಳು ಕರೆದಳು, ಎದ್ದು ಹೋದೆ, ಮರೆತೇಬಿಟ್ಟೆ. ಮರೆತಿದ್ದು ಒಳ್ಳೆಯದೇ ಆಯಿತು. ಆಮೇಲಿನ ಮೂರು ವಾರದಲ್ಲಿ ನಡೆದದ್ದು ನೋಡಿದರೆ ಆ ಒಂದು ಸ್ಟಾರ್ ನನಗೇ ಬರಬೇಕಿತ್ತು.

ನಾವಿರುವುದು ಅಮೆರಿಕದ ನಾರ್ತ್ ಕ್ಯಾರೊಲೈನಾದ ಕ್ಯಾರಿಯಲ್ಲಿ. ಅಕ್ಟೋಬರ್ ಶುರುವಿನಲ್ಲಿ ಮನೆಗೆ ಒಂದು ಕಾರ್ನ್ ಸ್ನೇಕ್ ಮರಿ ತಂದೆವು. ಒಂದಡಿ ಉದ್ದ, ಪೆನ್ಸಿಲ್‌ನಷ್ಟು ದಪ್ಪ, ತೂಕ 9 ಗ್ರಾಂ. ವಿಷ ಇಲ್ಲ, ನಮ್ಮ ಕೇರೆ ಹಾವಿನ ದೂರದ ನೆಂಟ ಅಂದುಕೊಳ್ಳಿ. ಈ ಹಾವಿನ ತವರೇ ಇದು. 1766ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಇದಕ್ಕೆ ಶಾಸ್ತ್ರದ ಹೆಸರು ಇಟ್ಟಿದ್ದು ಕ್ಯಾರೊಲೈನಾದಿಂದ ಹೋದ ಹಾವನ್ನು ನೋಡಿಯೇ. ಹೊಟ್ಟೆ ಕಡೆ ಕಪ್ಪು ಬಿಳಿ ಚೌಕಳಿ ಇರುತ್ತದೆ, ಬಣ್ಣಬಣ್ಣದ ಮುಸುಕಿನ ಜೋಳದ ತೆನೆ ಥರ, ಅದಕ್ಕೇ ಕಾರ್ನ್ ಅನ್ನುವ ಹೆಸರು ಅನ್ನುವವರಿದ್ದಾರೆ. ಜೋಳದ ಕಣಜಕ್ಕೆ ಇಲಿ ಹಿಡಿಯಲು ಬರುತ್ತಿತ್ತು, ಅದಕ್ಕೆ ಅನ್ನುವವರೂ ಇದ್ದಾರೆ. ಪಾಪ, ಇಲ್ಲಿನ ವಿಷದ ಹಾವು ಕಾಪರ್‌ಹೆಡ್ ಅಂದುಕೊಂಡು ಜನ ಇದನ್ನು ಹೊಡೆದುಹಾಕುವುದೂ ಉಂಟು. ನಮ್ಮದು ಕಾಡಿನದ್ದಲ್ಲ, ಸಾಕುವವರ ಹತ್ತಿರ ಮೊಟ್ಟೆಯೊಡೆದು ಬಂದದ್ದು. (ಊರಲ್ಲಿ ಕೂತು ಓದುತ್ತಿರುವವರು ಹಿತ್ತಲಲ್ಲಿ ಸಿಕ್ಕ ಕೇರೆ ಹಾವನ್ನು ಡಬ್ಬಿಗೆ ಹಾಕಲು ಹೋಗಬೇಡಿ, 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಅಪರಾಧ.)

ಆರು ತಿಂಗಳಿಗೆ ಅಂತ ಊರಿಂದ ಅಮ್ಮ ಬಂದಿದ್ದಳು. ಪುತ್ತೂರಿನ ಕಡೆಯವಳು. ಹಾವು ಮನೆಯಲ್ಲಿದೆ ಅಂತ ಗೊತ್ತಾದ ದಿನ ಮಾತಾಡಲಿಲ್ಲ. ಮಾರನೇ ದಿನ ಗಾಜಿನ ಮುಂದೆ ನಿಂತು ಕೈಮುಗಿದು "ಸುಬ್ಬು" ಅಂತ ಕರೆದಳು. ಕುಕ್ಕೆ ಸುಬ್ರಹ್ಮಣ್ಯನ ಹೆಸರು. ಮಗಳು ಅದಕ್ಕೆ ಏನೋ ಇಂಗ್ಲಿಷ್ ಹೆಸರು ಯೋಚಿಸಿಟ್ಟಿದ್ದಳು, ಅದು ಅಲ್ಲಿಗೇ ಮುಗಿಯಿತು.

ಈಗ ಪ್ಯಾಕೆಟ್ ವಿಷಯ. ಪಿಂಕಿ ಅಂದರೆ ಹುಟ್ಟಿ ಒಂದೆರಡು ದಿನದ ಸುಂಡಿಲಿ ಮರಿ, ಮೈಮೇಲೆ ಒಂದು ಕೂದಲೂ ಇರುವುದಿಲ್ಲ, ಗುಲಾಬಿ ಬಣ್ಣ. ಸ್ವಲ್ಪ ಕೂದಲು ಬಂದರೆ ಅದು ಫಜ್ಜಿ, ಕಣ್ಣು ಬಿಟ್ಟು ನೆಗೆಯಲು ಶುರು ಮಾಡಿದರೆ ಹಾಪರ್. ಹಾವಿನ ಮೈಯ ಅತಿ ದಪ್ಪ ಜಾಗ ಎಷ್ಟಿದೆಯೋ ಅಷ್ಟೇ ದಪ್ಪದ, ಹೆಚ್ಚೆಂದರೆ ಅದರ ಒಂದೂವರೆ ಪಟ್ಟಿನ ಇಲಿ ಹಾಕಬೇಕು. ಸುಬ್ಬು ಗಾತ್ರಕ್ಕೆ ಐದಾರು ದಿನಕ್ಕೊಂದು ಪಿಂಕಿ ಸಾಕು. ಜೀವಂತ ಇಲಿ ಹಾಕುವುದು ನನ್ನ ಕೈಲಾಗದ ಮಾತು. ಅದೂ ಅಲ್ಲದೆ ಬೆಳೆದ ಇಲಿಯನ್ನು ಜೀವಂತ ಬಿಟ್ಟರೆ ಅದೇ ಹಾವನ್ನು ಕಚ್ಚಿ ಗಾಯ ಮಾಡುತ್ತದೆ. ಹಾಗಾಗಿ ಮೊದಲಿಂದಲೂ ಫ್ರೋಜನ್.

ಆನ್‌ಲೈನ್‌ನಲ್ಲಿ ತರಿಸಿದೆ. 25 ಪಿಂಕಿಗೆ 20 ಡಾಲರ್, ಸಾಗಣೆಗೆ 30. ಇಲಿಗಿಂತ ಇಲಿಯ ಪ್ರಯಾಣವೇ ದುಬಾರಿ! ದಪ್ಪ ಥರ್ಮೋಕೋಲ್ ಡಬ್ಬ, ಒಳಗೆ ಡ್ರೈ ಐಸ್, ಎರಡು ದಿನದ ದಾರಿಯಾದರೂ ಕಲ್ಲಿನ ಹಾಗೆ ಗಟ್ಟಿಯಾಗಿಯೇ ಬಂತು. ಎಣಿಸಿದೆ, 26 ಇತ್ತು. ಅಡುಗೆಗಲ್ಲದ ಬೇರೆ ಸಣ್ಣ ತಕ್ಕಡಿ ಇಟ್ಟುಕೊಂಡಿದ್ದೇನೆ, ಅದರಲ್ಲಿ ಹತ್ತು ತೂಗಿದೆ. ಎಲ್ಲವೂ 2 ಗ್ರಾಂ ಆಸುಪಾಸು, ಒಂದು ಮಾತ್ರ 3 ಮುಟ್ಟಿತು. ಗಾತ್ರ ಹೀಗೆ ಒಂದೇ ಸಮ ಇರುವುದು ಎಷ್ಟು ದೊಡ್ಡ ವಿಷಯ ಅಂತ ಆಗ ನನಗೆ ಗೊತ್ತಿರಲಿಲ್ಲ.

ತಕರಾರು ಒಂದಿದೆ. ಚೀಲದ ಜಿಪ್ ಎರಡನೇ ಸಲ ತೆಗೆಯುವಾಗಲೇ ಕಿತ್ತುಬಂತು. ಗಾಳಿ ಆಡಿದರೆ ಮರಿಗಳ ಮೈಮೇಲೆ ಐಸ್ ಹರಳು ಕಟ್ಟಿ ಚರ್ಮ ಒಣಗುತ್ತದೆ. ನಾನು ಬೇರೆ ಜಿಪ್ ಚೀಲಕ್ಕೆ ಹಾಕಿ, ಗಾಳಿ ಒತ್ತಿ ತೆಗೆದು ಇಟ್ಟೆ.

ಎಲ್ಲಿ ಇಟ್ಟೆ ಅನ್ನುವುದೇ ದೊಡ್ಡ ಕತೆ. ನಮ್ಮದು ಮೊಟ್ಟೆಯೂ ತಿನ್ನದ ಮನೆ. ಫ್ರೀಜರ್‌ನಲ್ಲಿ ತೆಂಗಿನ ತುರಿ, ಹಿತಕಿದ ಅವರೆಬೇಳೆ, ಪರೋಟ. ಅದರ ಪಕ್ಕದಲ್ಲಿ 26 ಇಲಿಮರಿ! ಹೆಂಡತಿ ಒಂದೇ ಮಾತು ಹೇಳಿದಳು, "ಅದು ಒಳಗೆ ಬಂದರೆ ನಾನು ಹೊರಗೆ." ಮಡಿ ಮೈಲಿಗೆ ಪಕ್ಕಕ್ಕಿಡಿ, ಅವಳು ಹೇಳಿದ್ದು ಸರಿಯೇ ಇತ್ತು. ಫ್ರೀಜರ್‌ನ ಚಳಿಗೆ ಸಾಲ್ಮೊನೆಲ್ಲಾ ಸಾಯುವುದಿಲ್ಲ. ಹಾವಿನ ಆಹಾರದ ಇಲಿಯನ್ನು ಮನುಷ್ಯರ ಊಟದ ಹತ್ತಿರ ಇಡಬೇಡಿ, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ ಅಂತ ಇಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯವರೂ ಹೇಳುತ್ತಾರೆ. ಗ್ಯಾರೇಜಿಗೆ ಒಂದು ಪುಟ್ಟ ಸೆಕೆಂಡ್ ಹ್ಯಾಂಡ್ ಫ್ರೀಜರ್ ಬಂತು. ಪ್ಯಾಕೆಟ್‌ನ ಬೆಲೆ ಲೆಕ್ಕ ಹಾಕುವವರು ಇದನ್ನೂ ಸೇರಿಸಿಕೊಳ್ಳಿ.

ಕರಗಿಸುವುದು ಹೀಗೆ. ಜಿಪ್ ಚೀಲದಲ್ಲಿ ಒಂದು ಪಿಂಕಿ ಹಾಕಿ ತಣ್ಣೀರಿನ ಲೋಟದಲ್ಲಿ ಅರ್ಧ ಗಂಟೆ. ಆಮೇಲೆ ಮಗುವಿನ ಸ್ನಾನದ ನೀರಿಗಿಂತ ಒಂಚೂರು ಹೆಚ್ಚು ಬಿಸಿ ಇರುವ ನೀರಲ್ಲಿ ಐದು ನಿಮಿಷ. ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿ, ಒಳಗೆ ಗಂಟು ಸಿಕ್ಕರೆ ಇನ್ನೂ ಐಸ್ ಇದೆ ಅಂತ ಅರ್ಥ. ಮೈಕ್ರೋವೇವ್ ಬೇಡವೇ ಬೇಡ, ಒಳಗೆ ಬೆಂದು ಹೊಟ್ಟೆ ಒಡೆಯುತ್ತದೆ. ಲೋಟ, ಚೀಲ, ಇಕ್ಕಳ ಎಲ್ಲ ಬೇರೆಯೇ ಇರಲಿ. ಮೊದಲ ದಿನ ನಾನು ಕಾಫಿ ಲೋಟ ತೆಗೆದುಕೊಂಡಿದ್ದೆ, ಅದು ಈಗ ಗ್ಯಾರೇಜಿನಲ್ಲೇ ಸೇವೆ ಸಲ್ಲಿಸುತ್ತಿದೆ.

ಮೊದಲ ಪಿಂಕಿ ತಿಂದ ರೀತಿ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಇಕ್ಕಳದಲ್ಲಿ ಹಿಡಿದು ಮೂತಿಯ ಹತ್ತಿರ ಸ್ವಲ್ಪ ಅಲ್ಲಾಡಿಸಿದೆ. ನಾಲಿಗೆ ನಾಲ್ಕು ಸಲ ಹೊರಗೆ ಬಂತು, ಕತ್ತು ಇಂಗ್ಲಿಷಿನ ಎಸ್ ಥರ ಹಿಂದಕ್ಕೆ ಹೋಯಿತು, ಆಮೇಲೆ ಏನಾಯಿತು ಅಂತ ಕಣ್ಣಿಗೆ ಕಾಣಲೇ ಇಲ್ಲ. ನೋಡಿದರೆ ಪಿಂಕಿ ಅದರ ಬಾಯಲ್ಲಿದೆ, ಮೈ ಎರಡು ಸುತ್ತು ಸುತ್ತಿದೆ. ಸತ್ತ ಇಲಿಯನ್ನೂ ಹಿಸುಕುತ್ತದೆ ನೋಡಿ! ತಲೆ ಕಡೆಯಿಂದ ಶುರು ಮಾಡಿ ಹತ್ತು ನಿಮಿಷದಲ್ಲಿ ನುಂಗಿ, ಎರಡು ಸಲ ಆಕಳಿಸಿ ದವಡೆ ಸರಿ ಮಾಡಿಕೊಂಡಿತು. ಆರನೇ ದಿನ ಎರಡನೆಯದು, ಅದೂ ಹಾಗೆಯೇ. ಅಲ್ಲಿಯವರೆಗೆ ನನ್ನ ಪ್ರಕಾರ ಐದು ಸ್ಟಾರ್.

ಹನ್ನೆರಡನೇ ದಿನ ಮುಟ್ಟಲಿಲ್ಲ. ಅಲ್ಲಾಡಿಸಿದೆ, ಇನ್ನೊಮ್ಮೆ ಬಿಸಿ ಮಾಡಿದೆ, ಡಬ್ಬಿಯಲ್ಲಿ ಅದರ ಜೊತೆಗೇ ರಾತ್ರಿ ಬಿಟ್ಟೆ. ಬೆಳಿಗ್ಗೆ ಪಿಂಕಿ ಹಾಗೇ ಇತ್ತು, ವಾಸನೆ ಬೇರೆ. ಹದಿಮೂರನೇ ದಿನ ಮತ್ತೊಂದು, ಅದೂ ಕಸದ ಬುಟ್ಟಿಗೆ. ಇಷ್ಟಾದ ಮೇಲೆ ನಾನು ಬಂದ ತೀರ್ಮಾನ: ಪ್ಯಾಕೆಟ್ ಹಳಸಿದೆ. ಆಗ ಟೈಪ್ ಮಾಡಿದ್ದೇ ಆ ಒಂದು ಸ್ಟಾರ್‌ನ ಸಾಲು. ಹಾವಿನ ಬಣ್ಣ ಕಂದಿದ್ದು ನೋಡಿದ್ದೆ. ಕಿತ್ತಳೆ ಕೆಂಪು ಹೋಗಿ ಧೂಳು ಹಿಡಿದ ಇಟ್ಟಿಗೆ ಥರ ಆಗಿತ್ತು. ಆದರೆ ಬಲ್ಬಿನ ಬೆಳಕು ಕಡಿಮೆ ಇದೆ ಅಂದುಕೊಂಡು ಬಲ್ಬ್ ಬದಲಾಯಿಸಿದೆ. ನಗಬೇಡಿ.

ಹದಿನಾಲ್ಕನೇ ದಿನ ಹೊಸ ಸರಕು ತರೋಣ ಅಂತ ಇಲ್ಲಿನ ಒಂದು ದೊಡ್ಡ ಸರಣಿ ಅಂಗಡಿಗೆ ಹೋದೆ, ಹೆಸರು ಬೇಡ. ಮೂರು ಪಿಂಕಿಯ ಪ್ಯಾಕೆಟ್ ತಂದೆ. ಬೆಲೆ ಕೇಳಬೇಡಿ, ಆ ದುಡ್ಡಿಗೆ ನಾವು ಮೂರು ಜನ ದೋಸೆ ತಿನ್ನಬಹುದಿತ್ತು. ಮೇಲೆ ಪಿಂಕಿ ಅಂತ ಬರೆದಿತ್ತು, ಒಳಗಿದ್ದದ್ದು ಬೆನ್ನ ಮೇಲೆ ನಸು ಕೂದಲು ಬಂದ ಮರಿ, ಅಂದರೆ ಫಜ್ಜಿ. 4 ಗ್ರಾಂ ತೂಗಿತು. 10 ಗ್ರಾಂನ ಹಾವಿಗೆ 4 ಗ್ರಾಂನ ಇಲಿ. ಅಷ್ಟು ದೊಡ್ಡದು ಕೊಡಬಾರದು ಅಂತ ಗೊತ್ತಿತ್ತು. ಆದರೂ ಎರಡು ದಿನ ಉಪವಾಸ ಬಿದ್ದಿದೆ ಪಾಪ, ತಿಂದರೆ ತಿನ್ನಲಿ ಅಂತ ಕೊಟ್ಟೆ. ತಿಂತು! ಒದ್ದಾಡಿ, ಅರ್ಧ ಗಂಟೆ ತೆಗೆದುಕೊಂಡು, ಪೂರ್ತಿ ನುಂಗಿತು. ನೋಡಿದಿರಾ, ಪ್ಯಾಕೆಟ್‌ನದ್ದೇ ತಪ್ಪು ಅಂತ ಮನೆಮಂದಿಗೆಲ್ಲ ಹೇಳಿಕೊಂಡು ಓಡಾಡಿದೆ.

ಮಾರನೇ ದಿನ ದೀಪಾವಳಿ. ಮನೆ ತುಂಬ ಜನ. ಎಲ್ಲರಿಗೂ ಹಾವು ನೋಡಬೇಕು, ಮುಟ್ಟಬೇಕು. ತಿಂದ ಮೇಲೆ 48 ಗಂಟೆ ಹಾವನ್ನು ಎತ್ತಬಾರದು ಅನ್ನುವುದು ಹಾವು ಸಾಕುವವರ ಅಆಇಈ. ನಾನು ಎತ್ತಿದೆ. ಎರಡೇ ನಿಮಿಷ ಅಂದುಕೊಂಡಿದ್ದೆ, ನಾಲ್ಕು ಕೈ ದಾಟಿ ಬಂತು. ಕೈಯಲ್ಲಿ ಯಾವತ್ತೂ ಇಲ್ಲದ ಹಾಗೆ ಬೆಚ್ಚಿತು, ಬಾಲ ನಡುಗಿಸಿತು. ಅದರ ಮರುದಿನ ಬೆಳಿಗ್ಗೆ ರೂಮಿನ ಬಾಗಿಲು ತೆಗೆದರೆ ಆ ವಾಸನೆ! ಕೊಳೆತ ಮೀನು, ಹುಳಿ ಬಂದ ಹಾಲು ಸೇರಿಸಿದ ಹಾಗೆ. ಅರ್ಧ ಕರಗಿದ ಫಜ್ಜಿ ಮೂಲೆಯಲ್ಲಿ ಬಿದ್ದಿತ್ತು. ಸುಬ್ಬು ನೀರಿನ ಬಟ್ಟಲಲ್ಲಿ ಮುದುಡಿ ಕೂತಿತ್ತು.

ನಾನು ಕೈಗೆ ಗ್ಲೌಸ್ ಹಾಕಿಕೊಂಡು ಒರೆಸುತ್ತಿದ್ದಾಗ ಅಮ್ಮ ಬಂದು ಗಾಜಿಗೆ ಮೂಗು ತಾಗಿಸಿ ನೋಡಿದಳು. ಹೋದ ವರ್ಷ ಅವಳಿಗೆ ಎರಡೂ ಕಣ್ಣಿನ ಪೊರೆ ಆಪರೇಷನ್ ಆಗಿದೆ, ಈಗ ನನಗಿಂತ ಚೆನ್ನಾಗಿ ಕಾಣುತ್ತದೆ.

"ಪೊರೆ ಬಂದಿದೆ ಕಣೋ ಇದಕ್ಕೆ."

"ಏನಮ್ಮ?"

"ಕಣ್ಣು ನೋಡು. ನನಗೆ ಬಂದಿತ್ತಲ್ಲ, ಹಾಗೇ. ಪೊರೆ ಬಂದ ಹಾವಿಗೆ ಕಣ್ಣು ಕಾಣಲ್ಲ, ಹತ್ತಿರ ಹೋಗಬೇಡಿ ಅಂತ ತೋಟದಲ್ಲಿ ನಮ್ಮಪ್ಪ ಹೇಳ್ತಿದ್ದರು. ನೀನು ಹಬ್ಬದ ದಿನ ಅದನ್ನು ಊರೆಲ್ಲ ಮೆರವಣಿಗೆ ಮಾಡಿಸಿದೆ."

ನೋಡಿದೆ. ಎರಡೂ ಕಣ್ಣು ನೀಲಿ ಬಿಳಿ, ಹಾಲು ಬೆರೆಸಿದ ನೀರಿನ ಹಾಗೆ. ಹೊಟ್ಟೆ ಕಡೆ ನಸುಗುಲಾಬಿ. ಇಷ್ಟು ದೊಡ್ಡ ಸುಳಿವು ಕಣ್ಣ ಮುಂದಿದ್ದರೂ ಪ್ಯಾಕೆಟ್ ಮೇಲಿನ ತಾರೀಕು ಓದುತ್ತಾ ಕೂತಿದ್ದೆ ನಾನು.

ಹಾವಿಗೆ ರೆಪ್ಪೆ ಇಲ್ಲ. ಕಣ್ಣಿನ ಮೇಲೂ ಒಂದು ಪಾರದರ್ಶಕ ಹೊದಿಕೆ ಇದೆ, ಅದೂ ಚರ್ಮದ್ದೇ ಭಾಗ. ಪೊರೆ ಬಿಡುವ ಮೊದಲು ಹಳೆ ಪದರ, ಹೊಸ ಪದರದ ಮಧ್ಯೆ ದ್ರವ ತುಂಬಿಕೊಳ್ಳುತ್ತದೆ, ಅದಕ್ಕೇ ಕಣ್ಣು ಮಬ್ಬಾಗುವುದು, ಮೈ ಕಂದುವುದು. ಸರಿಯಾಗಿ ಕಾಣದ ಹಾವು ಹೆದರುತ್ತದೆ, ಅಡಗಿ ಕೂರುತ್ತದೆ, ತುಂಬಾ ಹಾವುಗಳು ಆಗ ಊಟ ಮುಟ್ಟುವುದಿಲ್ಲ. ಕೆಲವು ತಿನ್ನುತ್ತವೆ, ತಿಂದರೂ ತೊಂದರೆ ಆಗಲೇಬೇಕು ಅಂತೇನಿಲ್ಲ. ಆದರೆ ಮರಿ ಹಾವಿಗೆ, ಅದೂ ದೊಡ್ಡ ತುತ್ತು, ಮೇಲೆ ಎತ್ತಾಡಿದರೆ ವಾಂತಿ ಆಗುವುದು ಆಶ್ಚರ್ಯ ಅಲ್ಲ. ನಾನು ಮೂರನ್ನೂ ಒಟ್ಟಿಗೆ ಮಾಡಿದ್ದೆ. ಮರಿಗಳು ಬೇಗ ಬೆಳೆಯುವುದರಿಂದ ನಾಲ್ಕಾರು ವಾರಕ್ಕೊಮ್ಮೆ ಪೊರೆ ಬಿಡುತ್ತವೆ. ಅಂದರೆ ಹೀಗೆ ಮೂಸಿ ನೋಡದ ದಿನಗಳು ಮತ್ತೆ ಮತ್ತೆ ಬರುತ್ತವೆ, ಪ್ರತಿ ಸಲ ಇಲಿ ಮಾರಿದವರನ್ನು ಬೈದರೆ ಏನು ಬಂತು?

ನಾವು ಹಾವು ಕೊಂಡಿದ್ದವರಿಗೆ ಫೋನ್ ಮಾಡಿದೆ. ಸಣ್ಣ ಅಂಗಡಿ, ಗಂಡ ಹೆಂಡತಿ ಇಬ್ಬರೇ. ಏನಾದರೂ ಔಷಧಿ, ವಿಟಮಿನ್ ಮಾರುತ್ತಾರೆ ಅಂದುಕೊಂಡಿದ್ದೆ. ಆಕೆ ಹೇಳಿದ್ದು ಇಷ್ಟೇ: ಹತ್ತರಿಂದ ಹದಿನಾಲ್ಕು ದಿನ ಏನೂ ಕೊಡಬೇಡಿ, ಮುಟ್ಟಬೇಡಿ, ನೀರು ಬದಲಾಯಿಸಿ, ತೇವ ನೋಡಿಕೊಳ್ಳಿ. ವಾಂತಿ ಆದಾಗ ಹೊಟ್ಟೆಯ ಆಮ್ಲ ಗಂಟಲಿಗೆ ಬಂದಿರುತ್ತದೆ, ಅದು ಸುಧಾರಿಸಿಕೊಳ್ಳಬೇಕು. ಮತ್ತೆ ವಾಂತಿ ಮಾಡಿಕೊಂಡರೆ ಮಾತ್ರ ಸರೀಸೃಪ ನೋಡುವ ಡಾಕ್ಟರ ಹತ್ತಿರ ಹೋಗಿ. ಒಂದು ಡಾಲರ್‌ನ ವ್ಯಾಪಾರವೂ ಮಾಡಲಿಲ್ಲ.

ತೇವ ಅಂದಾಗ ಮೀಟರ್ ನೋಡಿದೆ, 30 ಚಿಲ್ಲರೆ ಪರ್ಸೆಂಟ್. ನವೆಂಬರ್ ಬಂದ ಕೂಡಲೇ ಮನೆಯ ಹೀಟರ್ ಹಾಕಿದ್ದೆವು, ನಮ್ಮ ತುಟಿಯೇ ಒಡೆಯುತ್ತಿತ್ತು, ಹಾವಿನ ಗತಿ ಏನು? ಪೊರೆ ಬಿಡುವ ಹೊತ್ತಲ್ಲಿ 60ರ ಮೇಲೆ ಬೇಕು. ಮೊಸರಿನ ಖಾಲಿ ಡಬ್ಬಿಗೆ ಪಕ್ಕದಲ್ಲಿ ತೂತು ಮಾಡಿ, ಅಂಚನ್ನು ಉಜ್ಜಿ ನುಣುಪು ಮಾಡಿ, ಒಳಗೆ ಒದ್ದೆ ಮಾಡಿ ಹಿಂಡಿದ ಸ್ಫ್ಯಾಗ್ನಮ್ ಪಾಚಿ ತುಂಬಿ ಇಟ್ಟೆ. ಬೆಚ್ಚಗಿನ ಕಡೆ ಇಡಿ, ಅಲ್ಲಿ 85 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ, ಅಂದರೆ ನಮ್ಮ ಲೆಕ್ಕದಲ್ಲಿ 29, 30. ಪಾಚಿ ಒದ್ದೆ ಇರಬೇಕು, ನೀರು ತೊಟ್ಟಿಕ್ಕಬಾರದು. ಅರ್ಧ ಗಂಟೆಯಲ್ಲಿ ಸುಬ್ಬು ಒಳಗೆ ಹೋದವನು ಮೂರು ದಿನ ಮೂತಿ ಮಾತ್ರ ತೋರಿಸಿದ. ಅಂಗಡಿಯಲ್ಲಿ ಇದಕ್ಕೆಂದೇ ಪ್ಲಾಸ್ಟಿಕ್ ಗುಹೆ 20 ಡಾಲರ್‌ಗೆ ಮಾರುತ್ತಾರೆ, ಸುಮ್ನೆ ದುಡ್ಡು ಹಾಳು.

ಆಮೇಲೆ ಕಣ್ಣು ತಿಳಿಯಾಯಿತು. ಇಲ್ಲೇ ಎಲ್ಲರೂ ಮೋಸ ಹೋಗುವುದು. ಕಣ್ಣು ಸರಿಯಾಯಿತು, ಊಟ ಕೊಡೋಣ ಅಂತ ಅನಿಸುತ್ತದೆ. ಪೊರೆ ಇನ್ನೂ ಬಿಟ್ಟಿರುವುದಿಲ್ಲ, ನಾಲ್ಕೈದು ದಿನ ಬೇಕು. ನನ್ನ ಕೈಯೂ ಫ್ರೀಜರ್ ಕಡೆ ಹೋಗಿತ್ತು, ಅಮ್ಮ ಗದರಿದಳು.

ಬುಧವಾರ ಬೆಳಿಗ್ಗೆ ಏಳಕ್ಕೆ ಮಗಳ ಕಿರುಚಾಟ. "ಅಜ್ಜೀ, ಸುಬ್ಬು ಬಟ್ಟೆ ಬಿಚ್ಚಿದ!" ಪಾಚಿ ಡಬ್ಬಿಯ ತೂತಿನಿಂದ ಮರದ ತುಂಡಿನವರೆಗೆ ಒಂದೇ ತುಂಡಾಗಿ ಪೊರೆ, ಕಾಲುಚೀಲ ಬಿಚ್ಚಿದ ಹಾಗೆ ಒಳಹೊರಗಾಗಿ. ಇನ್ನೂ ತೇವ ಇತ್ತು, ಈರುಳ್ಳಿ ಒಳಗಿನ ತೆಳು ಸಿಪ್ಪೆಯಂತೆ ಬೆರಳಿಗೆ ಅಂಟುತ್ತಿತ್ತು. ಮೊದಲು ನೋಡಬೇಕಾದದ್ದು ತಲೆ. ಬೆಳಕಿಗೆ ಹಿಡಿದೆ, ಎರಡು ಕಣ್ಣಿನ ಜಾಗದಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡ ಎರಡು ಗಾಜಿನಂಥ ಬಿಲ್ಲೆ, ಎರಡೂ ಬಂದಿವೆ. ಅದು ಬರದೆ ಹಾವಿನ ಕಣ್ಣಲ್ಲೇ ಉಳಿದರೆ ತೊಂದರೆ, ಉಗುರಲ್ಲಿ ಕೀಳಲು ಹೋಗಬೇಡಿ. ಆಮೇಲೆ ಬಾಲದ ತುದಿ. ಅಲ್ಲಿ ಉಂಗುರದ ಹಾಗೆ ಉಳಿದುಕೊಂಡರೆ ಒಣಗಿ ಬಿಗಿದು ರಕ್ತ ಓಡಾಟ ನಿಲ್ಲಿಸುತ್ತದೆ. ಅದೂ ಚೂಪಾಗಿ ಪೂರ್ತಿ ಇತ್ತು. ಉದ್ದ ಅಳೆದರೆ 15 ಇಂಚು, ಹಾವು ಇರುವುದು 12 ಚಿಲ್ಲರೆ. ಪೊರೆ ಹಿಗ್ಗುತ್ತದೆ, ಹಾವು ಬೆಳೆದಿಲ್ಲ, ನಾನೂ ಒಂದು ಕ್ಷಣ ಖುಷಿಪಟ್ಟಿದ್ದೆ. ಒಳಗೆ ಸುಬ್ಬು ಹೊಸ ರೇಷ್ಮೆ ಸೀರೆಯಂತೆ ಮಿರಿಮಿರಿ ಮಿಂಚುತ್ತಿದ್ದ. ಪೊರೆಯನ್ನು ಮಗಳು ನೋಟ್‌ಬುಕ್ಕಿಗೆ ಅಂಟಿಸಿದಳು, ಆಮೇಲೆ ಕೈ ತೊಳೆಸಿದೆ.

ವಾಂತಿ ಆಗಿ ಹನ್ನೆರಡನೇ ದಿನ, ಪೊರೆ ಬಿಟ್ಟು ಎರಡನೇ ದಿನ ಸಂಜೆ, ಅದೇ ಹಳೇ ಪ್ಯಾಕೆಟ್‌ನಿಂದ, ನಾನು "ಹಳಸಿದೆ" ಅಂದ ಪ್ಯಾಕೆಟ್‌ನಿಂದಲೇ, ಇದ್ದುದರಲ್ಲಿ ಚಿಕ್ಕ ಪಿಂಕಿ ಹುಡುಕಿ ಕರಗಿಸಿದೆ. 1.7 ಗ್ರಾಂ. ಇಕ್ಕಳ ಒಳಗೆ ಹೋಗುವ ಮೊದಲೇ ತಲೆ ಎತ್ತಿ ಕಾಯುತ್ತಿದ್ದ. ಹಿಡಿದ ರಭಸಕ್ಕೆ ಇಕ್ಕಳವೇ ಕೈಜಾರಿತು. ಮೂರು ದಿನ ಯಾರೂ ಆ ರೂಮಿಗೆ ಹೋಗಬಾರದು ಅಂತ ಅಮ್ಮ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಕೂತಳು. ವಾಂತಿ ಆಗಲಿಲ್ಲ.

ಅಲ್ಲಿಂದ ಮುಂದೆ ಎರಡು ಸಲ ಪೊರೆ ಬಿಟ್ಟಿದೆ. ಈಗ ಮೈ ಕಂದಿದ್ದು ಕಂಡ ದಿನವೇ ಊಟ ನಿಲ್ಲಿಸುತ್ತೇನೆ, ಪೊರೆ ಬಿಟ್ಟ ಮಾರನೇ ದಿನವೋ ಅದರ ಮಾರನೇ ದಿನವೋ ಕೊಡುತ್ತೇನೆ. ಹತ್ತು ಹನ್ನೆರಡು ದಿನ ಖಾಲಿ ಹೊಟ್ಟೆ ಇದ್ದರೆ ಆರೋಗ್ಯವಾಗಿರುವ ಮರಿಗೆ ಏನೂ ಆಗುವುದಿಲ್ಲ. ನಮಗೇ ತಡೆಯಲಾಗುವುದಿಲ್ಲ, ಅಷ್ಟೇ. ತೂಕ ಈಗ 19 ಗ್ರಾಂ, ಒಂದು ಸಲಕ್ಕೆ ಎರಡು ಪಿಂಕಿ.

ತೆಗೆದುಕೊಳ್ಳುವವರಿಗೆ: ಅಗ್ಗ ಅಂತ 50ರ ಪ್ಯಾಕೆಟ್‌ಗೆ ಹೋಗಬೇಡಿ. ಫ್ರೀಜರ್‌ನಲ್ಲಿ ಆರು ತಿಂಗಳು ಚೆನ್ನಾಗಿರುತ್ತದೆ ನಿಜ, ಆದರೆ ಅಷ್ಟು ಹೊತ್ತಿಗೆ ಹಾವು ಪಿಂಕಿ ದಾಟಿ ಫಜ್ಜಿಗೆ ಹೋಗಿರುತ್ತದೆ. ಒಂದೇ ಹಾವು ಇದ್ದರೆ 25 ಸರಿಯಾದ ಲೆಕ್ಕ. ಸರಣಿ ಅಂಗಡಿಯ ಮೂರರ ಪ್ಯಾಕೆಟ್ ತುರ್ತಿಗೆ ಮಾತ್ರ, ಅದೂ ಮನೆಗೆ ತಂದು ತೂಗಿ ನೋಡಿ.

ನಾಲ್ಕು ಸ್ಟಾರ್. ಒಂದು ಕಡಿಮೆ ಮಾಡಿದ್ದು ಆ ಹಾಳು ಜಿಪ್‌ಗೆ. ಹಾಗೆಯೇ, ಚೀಲದ ಹಿಂದೆ ಬಾರ್‌ಕೋಡ್ ಪಕ್ಕ ಅಂಗೈ ಅಗಲ ಖಾಲಿ ಜಾಗ ಇದೆ, ಅಲ್ಲಿ "ಹಾವಿನ ಕಣ್ಣು ನೀಲಿಯಾಗಿದ್ದರೆ ಕಾಯಿರಿ" ಅಂತ ಒಂದು ಸಾಲು ಅಚ್ಚು ಹಾಕಿದ್ದರೆ ನನ್ನಂಥವರ ಮೂರು ಇಲಿ, ಒಂದು ಹಬ್ಬ ಉಳಿಯುತ್ತಿತ್ತು. ಅಮ್ಮ ಊರಿಗೆ ವಾಪಸ್ ಹೋಗಿದ್ದಾಳೆ, ಭಾನುವಾರ ವಿಡಿಯೋ ಕಾಲ್‌ನಲ್ಲಿ ಮೊದಲು ಕೇಳುವುದು ಸುಬ್ಬು ಕಣ್ಣು ಹೇಗಿದೆ ಅಂತ. ಚೀಲದಲ್ಲಿ ಇನ್ನು ಐದು ಪಿಂಕಿ ಉಳಿದಿವೆ. ಮುಂದಿನ ಆರ್ಡರ್ ಫಜ್ಜಿ, ಇವರದ್ದೇ, 25.